ಬಣ್ಣ ಕಾಣದವರಿಗೆ ಆರೆಂಜ್ ಅಲರ್ಟ್ ತಿಳಿಯುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ ಹುಟ್ಟಿನಿಂದ ಎರಡೂ ಕಣ್ಣು ಕಾಣುವುದಿಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಹಳ್ಳಿಯಲ್ಲಿ ಮನೆ, ಎರಡು ಎಕರೆ ಅಡಿಕೆ ತೋಟ. ಶಿರಸಿಯಲ್ಲಿ ಕೆಲಸ, ದಿನಾ ಬಸ್ಸಿನ ಓಡಾಟ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳನ್ನು ಬಳಸುತ್ತೇನೆ: ಫೋನಿನಲ್ಲಿ ಟಾಕ್‌ಬ್ಯಾಕ್, ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ. ಹವಾಮಾನದ ಆ್ಯಪ್ ತೆರೆದರೆ "ಬಟನ್, ಬಟನ್, ಇಮೇಜ್" ಎನ್ನುತ್ತದೆ. ಊರಿನ ವಾಟ್ಸ್ಆ್ಯಪ್ ಗುಂಪಿಗೆ ದಿನಾ ಮಳೆಯ ನಕ್ಷೆ ಬರುತ್ತದೆ, ಅದೂ ಬರೀ ಫೋಟೋ. ಅಂಗಳದಲ್ಲಿ ಅಡಿಕೆ ಹರವಿದ ದಿನ ಅರ್ಧ ಗಂಟೆಗೊಮ್ಮೆ ಯಾರನ್ನಾದರೂ "ಮೋಡ ಹೇಗಿದೆ?" ಎಂದು ಕೇಳುತ್ತಿರಬೇಕು. ನಾನೇ ತಿಳಿದುಕೊಳ್ಳುವಂಥ ಒಳ್ಳೆಯ ಆ್ಯಪ್ ಯಾವುದು?

ಉತ್ತರ: ನಮಸ್ಕಾರ. ನಾನೂ ಕಣ್ಣು ಕಾಣದವಳೇ, ಸ್ಕ್ರೀನ್ ರೀಡರ್ ಕಲಿಸುವುದೇ ನನ್ನ ಕೆಲಸ. "ಮೋಡ ಹೇಗಿದೆ?" ಎಂದು ದಿನಕ್ಕೆ ಹತ್ತು ಸಲ ಕೇಳುವ ಸಂಕಟ ನನಗೆ ಚೆನ್ನಾಗಿ ಗೊತ್ತು. ಉತ್ತರ ಹೇಳುವವರು ಸಿಡುಕದಿದ್ದರೂ ಕೇಳುವವರಿಗೆ ಹಿಂಸೆಯೇ. ಅವರು ನೋಡಿ ಹೇಳುವುದೂ ಅಂದಾಜಿನ ಮೇಲೆ ತಾನೇ.

ಒಂದು ಆ್ಯಪಿನ ಹೆಸರು ಹೇಳಿ ಉತ್ತರ ಮುಗಿಸಬಹುದಿತ್ತು. ಆದರೆ ಈ ತಿಂಗಳು ಚೆನ್ನಾಗಿ ಓದುವ ಆ್ಯಪ್ ಮುಂದಿನ ಅಪ್‌ಡೇಟಿನಲ್ಲಿ ಮೂಕವಾಗುತ್ತದೆ, ಆಗ ನೀವು ಮತ್ತೆ ಮೊದಲಿನ ಜಾಗಕ್ಕೇ ಬರುತ್ತೀರಿ. ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳಿಕೊಡುವುದು ಬೇರೆ ವಿಷಯ. ಮಳೆಯ ಮುನ್ಸೂಚನೆ ಮೊದಲು ಇರುವುದು ಅಂಕಿಯಲ್ಲಿ ಮತ್ತು ಮಾತಿನಲ್ಲಿ. "ಇಂಥ ಜಿಲ್ಲೆಯ ಇಂತಿಷ್ಟು ಕಡೆ ಇಷ್ಟು ಮಿಲಿಮೀಟರ್" ಎಂದು ಗೊತ್ತಾದ ಮೇಲೆ ಅದನ್ನು ನಕ್ಷೆಯಾಗಿ ಮಾಡಿ ಬಣ್ಣ ತುಂಬುತ್ತಾರೆ. ನೋಡುವವರಿಗೆ ಬಣ್ಣ ಅನುಕೂಲ. ನಮಗೆ ಬೇಕಾದ್ದು ಬಣ್ಣ ಬಳಿಯುವ ಮುಂಚಿನ ಮಾತು. ಅದು ಎಲ್ಲೆಲ್ಲಿ ಸಿಗುತ್ತದೆ ಎಂದು ತಿಳಿದಿಟ್ಟುಕೊಂಡರೆ ಯಾವ ಆ್ಯಪ್ ಕೆಟ್ಟರೂ ನಿಮ್ಮ ಕೆಲಸ ನಿಲ್ಲುವುದಿಲ್ಲ.

ನಿಮ್ಮ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ. ಈ ವಾರ ಔಷಧಿ ಹೊಡೆಯಲು ಒಂದೆರಡು ದಿನ ಮಳೆ ಬಿಟ್ಟೀತೆ? ನಾಳೆ ಬಸ್ ಹಿಡಿಯುವ ಹೊತ್ತಿಗೆ ದೊಡ್ಡ ಮಳೆಯ ಎಚ್ಚರಿಕೆ ಇದೆಯೆ? ಇನ್ನೆರಡು ಗಂಟೆಯಲ್ಲಿ ಅಂಗಳದ ಅಡಿಕೆ ನೆನೆಯುತ್ತದೆಯೆ? ಮೂರಕ್ಕೂ ಉತ್ತರ ಒಂದೇ ಕಡೆ ಸಿಗುವುದಿಲ್ಲ. ಕಣ್ಣು ಕಾಣುವವರಿಗೂ ಸಿಗುವುದಿಲ್ಲ.

ವಾರದ ಲೆಕ್ಕಕ್ಕೆ ಲ್ಯಾಪ್‌ಟಾಪ್ ತೆರೆಯಿರಿ. ನಾನು ಬಹಳ ಕಾಲದಿಂದ ನೆಚ್ಚಿಕೊಂಡಿರುವುದು ವೈಆರ್ ಎಂಬ ತಾಣ. ನಾರ್ವೆಯ ಹವಾಮಾನ ಸಂಸ್ಥೆಯೂ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯೂ ಕೂಡಿ 2007ರಿಂದ ಅದನ್ನು ನಡೆಸುತ್ತಿವೆ. ಜಾಹೀರಾತಿಲ್ಲ, ಇಂಗ್ಲಿಷಿನಲ್ಲೂ ಇದೆ, ಜಗತ್ತಿನ ಯಾವ ಊರನ್ನು ಬೇಕಾದರೂ ಹುಡುಕಬಹುದು. ಮುಖ್ಯವಾಗಿ, ಗಂಟೆಗಂಟೆಯ ಮುನ್ಸೂಚನೆ ಅಲ್ಲಿ ನಿಜವಾದ ಟೇಬಲ್ ರೂಪದಲ್ಲಿ ಸಿಗುತ್ತದೆ. ಪುಟ ತೆರೆದು ಟಿ ಅಕ್ಷರದ ಕೀ ಒತ್ತಿದರೆ ಎನ್‌ವಿಡಿಎ ನೇರ ಟೇಬಲ್‌ಗೆ ಹಾರುತ್ತದೆ. ಆಮೇಲೆ ಕಂಟ್ರೋಲ್ ಮತ್ತು ಆಲ್ಟ್ ಒತ್ತಿ ಹಿಡಿದು ಬಾಣದ ಕೀಗಳನ್ನು ಬಳಸಿ. ಮೊದಲು ಬಲಕ್ಕೆ ಸರಿಯುತ್ತ ಮಳೆಯ ಕಾಲಂಗೆ ಬನ್ನಿ, ಬಂದ ಮೇಲೆ ಬರೀ ಕೆಳಬಾಣ. ಮಧ್ಯಾಹ್ನ ಎರಡು, ಸೊನ್ನೆ. ಮೂರು, 0.4. ನಾಲ್ಕು, 3.1. ಐದು, 6. ಹೀಗೆ ಮಳೆ ಏರುವುದನ್ನೂ ಇಳಿಯುವುದನ್ನೂ ಬೆರಳ ತುದಿಯಲ್ಲಿ ಹಿಡಿಯಬಹುದು. ಅಡ್ಡಡ್ಡ ಓದುತ್ತ ಹೋದರೆ ಗಾಳಿ, ಉಷ್ಣಾಂಶ ಎಲ್ಲ ಕಲಸಿಕೊಂಡು ಏನೂ ನೆನಪಿರುವುದಿಲ್ಲ. ಒಂದು ಕಾಲಂ ಹಿಡಿದು ಕೆಳಗಿಳಿಯುವುದೇ ಇದರ ಗುಟ್ಟು.

ಆದರೆ ಆ ಅಂಕಿಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಇಂಥ ತಾಣಗಳ ಹಿಂದಿರುವ, ಮುನ್ಸೂಚನೆ ಲೆಕ್ಕ ಹಾಕುವ ಜಾಗತಿಕ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಯುರೋಪಿನ ಹೆಸರಾಂತ ಮಾದರಿಯ ಚೌಕ ಸುಮಾರು 9 ಕಿಲೋಮೀಟರ್. ನಮ್ಮ ದೇಶವೂ 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಚೌಕದ ಭಾರತ್ ಫೋರ್‌ಕಾಸ್ಟ್ ಸಿಸ್ಟಂ ಅನ್ನು ಬಳಕೆಗೆ ತಂದಿದೆ. ಘಟ್ಟದ ಸೀಮೆಯಲ್ಲಿ 6 ಕಿಲೋಮೀಟರ್ ಅಂದರೂ ಒಂದು ಗುಡ್ಡ, ಒಂದು ಕಣಿವೆ, ಎರಡು ಊರು. ಗುಡ್ಡದ ಆಚೆ ಸುರಿದು ಈಚೆ ಹನಿಯದೆ ಹೋಗುವುದನ್ನು ನೀವು ನನಗಿಂತ ಹೆಚ್ಚು ಕಂಡಿದ್ದೀರಿ. 3.1 ಮಿಲಿಮೀಟರ್ ಎಂಬ ಅಂಕಿಯಲ್ಲಿ ದಶಮಾಂಶಕ್ಕೆ ಬೆಲೆ ಕೊಡಬೇಡಿ. ಯಾವ ಹೊತ್ತಿಗೆ ಏರುತ್ತದೆ, ಯಾವ ದಿನ ಹೊಳವಾಗುತ್ತದೆ ಎಂಬುದಕ್ಕೆ ಕೊಡಿ. ಬೋರ್ಡೋ ಔಷಧಿ ಹೊಡೆಯುವ ದಿನ ಗೊತ್ತು ಮಾಡಿಕೊಳ್ಳಲು ಅಷ್ಟು ಸಾಕು.

ಊರ ಹೆಸರಿನಲ್ಲೂ ಒಂದು ತೊಡಕಿದೆ. ಸಿದ್ದಾಪುರ ನಿಮ್ಮ ಜಿಲ್ಲೆಯಲ್ಲಿದೆ, ಕೊಡಗಿನಲ್ಲಿದೆ, ಉಡುಪಿ ಜಿಲ್ಲೆಯಲ್ಲೂ ಇದೆ. ಶಿರಸಿ ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಉತ್ತರ ಪ್ರದೇಶದ ಊರೂ ಬರುತ್ತದೆ. ನೋಡುವವರು ನಕ್ಷೆಯ ಮೇಲೆ ಚುಕ್ಕಿ ಕಂಡು ಥಟ್ಟನೆ ತಿದ್ದಿಕೊಳ್ಳುತ್ತಾರೆ. ನಮಗೆ ಸ್ಕ್ರೀನ್ ರೀಡರ್ ಊರಿನ ಹೆಸರನ್ನಷ್ಟೇ ಓದಿ ಮುಂದೆ ಹೋಗುತ್ತದೆ. ಹುಡುಕಿದ ಪಟ್ಟಿಯಲ್ಲಿ ಜಿಲ್ಲೆಯ ಹೆಸರು ಬರುವವರೆಗೂ ನಿಧಾನವಾಗಿ ಕೇಳಿ, ಸರಿಯಾದ ಪುಟವನ್ನು ಬುಕ್‌ಮಾರ್ಕ್ ಮಾಡಿಡಿ. ಇನ್ನು ಮುಂದೆ ಹುಡುಕುವ ಗೋಜೇ ಬೇಡ. ಫೋನಿನ ಸಹಾಯಕಿಯನ್ನು ಬಾಯಿಮಾತಿನಲ್ಲಿ ಕೇಳುವಾಗಲೂ ಜಿಲ್ಲೆಯ ಹೆಸರು ಸೇರಿಸಿಯೇ ಕೇಳಿ.

ನಾಳೆಯ ಎಚ್ಚರಿಕೆಗೆ ಭಾರತೀಯ ಹವಾಮಾನ ಇಲಾಖೆಯ ಮಾತೇ ಆಧಾರ. ಶಾಲೆಗೆ ರಜೆ ಕೊಡುವ ಜಿಲ್ಲಾಧಿಕಾರಿಯೂ ನೋಡುವುದು ಅದನ್ನೇ. ಇಲಾಖೆಯ ತಾಣ ತೆರೆದ ಕೂಡಲೇ ಎದುರಾಗುವುದು ನಕ್ಷೆ. ಅದರಲ್ಲಿ ಸಿಕ್ಕಿಕೊಳ್ಳಬೇಡಿ, ಬುಲೆಟಿನ್ ಎಂಬ ಲಿಂಕನ್ನು ಹುಡುಕಿ. ಎನ್‌ವಿಡಿಎ ಕೀ ಜೊತೆ ಎಫ್7 ಒತ್ತಿದರೆ ಪುಟದ ಲಿಂಕುಗಳೆಲ್ಲ ಪಟ್ಟಿಯಾಗಿ ಬರುತ್ತವೆ, ಅಲ್ಲಿ ಮೊದಲ ಅಕ್ಷರ ಒತ್ತಿ ಹಾರಬಹುದು. ಇಡೀ ದೇಶದ ಬುಲೆಟಿನ್ ಉದ್ದನೆಯ ಪಿಡಿಎಫ್, ನಡುನಡುವೆ ನಕ್ಷೆಗಳು. ಅಷ್ಟನ್ನೂ ಕೇಳುತ್ತ ಕೂರಬೇಡಿ, ಕೋಸ್ಟಲ್ ಕರ್ನಾಟಕ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಬೆಂಗಳೂರಿನ ಹವಾಮಾನ ಕೇಂದ್ರದ ಬುಲೆಟಿನ್ ಇನ್ನೂ ಹತ್ತಿರದ್ದು. ಅದರಲ್ಲಿ ಜಿಲ್ಲೆಯ ಹೆಸರೇ ವಾಕ್ಯದಲ್ಲಿ ಬರುತ್ತದೆ.

ಕರಾವಳಿ ಎಂದು ಯಾಕೆ ಹುಡುಕಬೇಕು, ನಮ್ಮದು ಘಟ್ಟದ ಮೇಲಲ್ಲವೆ ಎಂದು ನೀವು ಕೇಳಬಹುದು. ಇಲಾಖೆ ರಾಜ್ಯವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಪಾಲು ಮಾಡಿದೆ. ಪಾಲು ಮಾಡುವಾಗ ಜಿಲ್ಲೆಯನ್ನು ಒಡೆದಿಲ್ಲ. ಹಾಗಾಗಿ ಉತ್ತರ ಕನ್ನಡ ಇಡಿಯಾಗಿ ಕರಾವಳಿ. ನಿಮ್ಮಿಂದ ಕೂಗಳತೆಯಲ್ಲಿರುವ ಸಾಗರ ಶಿವಮೊಗ್ಗ ಜಿಲ್ಲೆಯಾದ್ದರಿಂದ ದಕ್ಷಿಣ ಒಳನಾಡು. ಆಕಾಶವಾಣಿಯಲ್ಲಿ "ಕರಾವಳಿಯ ಬಹುತೇಕ ಕಡೆ, ದಕ್ಷಿಣ ಒಳನಾಡಿನ ಕೆಲವು ಕಡೆ" ಎಂದಾಗ ನೀವು ಎರಡನ್ನೂ ಗಮನಿಸಬೇಕು. ನಿಮ್ಮ ಮಳೆ ಆ ಎರಡರ ನಡುವಿನದು.

ಆ ಮಾತುಗಳನ್ನು ಬಾಯಿಗೆ ಬಂದಂತೆ ಆಡುವುದಿಲ್ಲ, ಒಂದೊಂದಕ್ಕೂ ಅಳತೆ ಇದೆ. ಆ ವಿಭಾಗದ ಮಳೆಮಾಪನ ಕೇಂದ್ರಗಳ ಪೈಕಿ ಶೇ 25ರವರೆಗಿನ ಕೇಂದ್ರಗಳಲ್ಲಿ ಮಳೆ ನಿರೀಕ್ಷೆಯಿದ್ದರೆ ಒಂದೆರಡು ಕಡೆ, ಶೇ 26ರಿಂದ 50 ಇದ್ದರೆ ಕೆಲವು ಕಡೆ, 51ರಿಂದ 75 ಇದ್ದರೆ ಹಲವು ಕಡೆ, ಅದಕ್ಕೂ ಹೆಚ್ಚಿದ್ದರೆ ಬಹುತೇಕ ಕಡೆ. ಭಾರಿ ಮಳೆ ಎಂದರೆ ದಿನಕ್ಕೆ 64.5ರಿಂದ 115.5 ಮಿಲಿಮೀಟರ್. 115.6ರಿಂದ 204.4ರವರೆಗೆ ಅತಿ ಭಾರಿ. ಅದರ ಮೇಲಿನದು ಅತ್ಯಂತ ಭಾರಿ. ಇಷ್ಟು ಬಾಯಿಪಾಠ ಇದ್ದರೆ ರೇಡಿಯೊದ ಅರ್ಧ ನಿಮಿಷದ ಹವಾಮಾನ ವರದಿ ಇಡೀ ನಕ್ಷೆಯಷ್ಟು ಹೇಳುತ್ತದೆ. ನನ್ನ ಮಟ್ಟಿಗೆ ಅಂಧರಿಗೆ ಇವತ್ತಿಗೂ ಅತ್ಯಂತ ಸುಲಭವಾಗಿ ಸಿಗುವ ಮುನ್ಸೂಚನೆ ಅದೇ.

ಬಣ್ಣಗಳ ಅರ್ಥವನ್ನೂ ಹೇಳಿಬಿಡುತ್ತೇನೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿರಲಿ. ಆರೆಂಜ್ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಈಗಲೇ ಕ್ರಮ ಕೈಗೊಳ್ಳಿ. ಪತ್ರಿಕೆಗಳು ಹಳದಿಗೆ ಭಾರಿ, ಆರೆಂಜಿಗೆ ಅತಿ ಭಾರಿ ಎಂದು ಹೊಂದಿಸಿ ಬರೆಯುತ್ತವೆ. ಹೆಚ್ಚಿನ ಸಲ ಅದು ಸರಿಯೇ ಆದರೂ ಬಣ್ಣ ಸೂಚಿಸುವುದು ಮಳೆಯ ಅಳತೆಯೊಂದನ್ನೇ ಅಲ್ಲ, ಅದರಿಂದ ಆಗಬಹುದಾದ ತೊಂದರೆಯನ್ನೂ ಸೂಚಿಸುತ್ತದೆ.

ಇನ್ನೊಂದು ಸಂಗತಿ ತಿಳಿಯದೆ ನಾನು ಎಷ್ಟೋ ವರ್ಷ ಗೊಂದಲಪಟ್ಟಿದ್ದೇನೆ. ಇಲಾಖೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಬುಲೆಟಿನ್‌ನ ಮೊದಲ ದಿನ ಎಂದರೆ ನಾಳೆ ಬೆಳಿಗ್ಗೆ 8.30ರವರೆಗೆ. ಫೋನಿನ ಆ್ಯಪ್‌ಗಳಿಗೆ ದಿನ ಎಂದರೆ ರಾತ್ರಿ ಹನ್ನೆರಡರಿಂದ ಹನ್ನೆರಡು. ನೀವು ಏಳು ಗಂಟೆಯ ಬಸ್ಸಿಗೆ ಹೋಗುವವರಾದರೆ ನಾಳೆ ಬೆಳಗಿನ ನಿಮ್ಮ ಮಳೆ ಇಲಾಖೆಯ ಲೆಕ್ಕದಲ್ಲಿ ಇವತ್ತಿನದೇ. ಎರಡು ಕಡೆಯ ಮುನ್ಸೂಚನೆ ತಾಳೆಯಾಗದಾಗ ಮೊದಲು ಇದನ್ನು ನೋಡಿ.

ಈಗ ಕನ್ನಡದ ತೊಂದರೆ. ಕೆಲವು ಕನ್ನಡ ಪಿಡಿಎಫ್‌ಗಳನ್ನು ತೆರೆದರೆ ಎನ್‌ವಿಡಿಎ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಗೊಣಗುತ್ತದೆ. ಆ ಕಡತವನ್ನು ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿರುತ್ತಾರೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಅದೇ ಬುಲೆಟಿನ್‌ನ ಇಂಗ್ಲಿಷ್ ಪ್ರತಿ ತೆರೆಯಿರಿ, ಅಥವಾ ಪಠ್ಯವನ್ನು ನಕಲು ಮಾಡಿ ಹಳೆಯ ಫಾಂಟನ್ನು ಯುನಿಕೋಡ್ ಮಾಡುವ ಪರಿವರ್ತಕಕ್ಕೆ ಹಾಕಿ. ಇನ್ನು ಕೆಲವು ಪುಟಗಳಲ್ಲಿ ಕನ್ನಡ ಸರಿಯಾಗಿಯೇ ಇರುತ್ತದೆ, ಆದರೆ ನಿಮ್ಮ ಧ್ವನಿ ಇಂಗ್ಲಿಷಿನದಾದ್ದರಿಂದ ಸದ್ದಿಲ್ಲದೆ ದಾಟಿಹೋಗುತ್ತದೆ. ಇದು ಅಪಾಯ. ಪುಟ ಖಾಲಿ, ಎಚ್ಚರಿಕೆ ಇಲ್ಲ ಎಂದುಕೊಳ್ಳುತ್ತೀರಿ. ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡ ಧ್ವನಿಯಿದೆ. ಯಂತ್ರದಂತಿದ್ದರೂ ಪೂರ್ತಿ ಓದುತ್ತದೆ. ಫೋನಿನಲ್ಲಿ ಗೂಗಲ್‌ನ ಕನ್ನಡ ಧ್ವನಿಯನ್ನು ಮಳೆಗಾಲಕ್ಕೆ ಮುಂಚೆಯೇ ಡೌನ್‌ಲೋಡ್ ಮಾಡಿಡಿ. ಗಾಳಿ-ಮಳೆಗೆ ನೆಟ್‌ವರ್ಕ್ ಹೋದ ದಿನವೇ ಅದು ಹೆಚ್ಚು ಬೇಕಾಗುವುದು.

ಫೋನಿಗೆ ಮೇಘದೂತ್ ಆ್ಯಪ್ ಹಾಕಿಕೊಳ್ಳಿ. ಹವಾಮಾನ ಇಲಾಖೆಯೂ ಕೃಷಿ ಸಂಶೋಧನಾ ಮಂಡಳಿಯೂ ಸೇರಿ 2019ರಲ್ಲಿ ರೈತರಿಗಾಗಿ ತಂದದ್ದು. ಮಂಗಳವಾರ ಮತ್ತು ಶುಕ್ರವಾರ ಜಿಲ್ಲಾವಾರು ಕೃಷಿ ಸಲಹೆ ಬರುತ್ತದೆ, ಸಲಹೆ ಇರುವುದು ವಾಕ್ಯಗಳಲ್ಲಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಇನ್ನೊಂದು, ಅದರ ಎಚ್ಚರಿಕೆ ನೋಟಿಫಿಕೇಶನ್ ಆಗಿ ಬಂದು ಟಾಕ್‌ಬ್ಯಾಕ್ ಓದುತ್ತದೆ. 2023ರ ಅಕ್ಟೋಬರಿನಲ್ಲಿ ಒಂದು ದಿನ ರಾಜ್ಯದಾದ್ಯಂತ ಫೋನುಗಳು ಒಮ್ಮೆಲೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದು ಒಂದು ಪ್ರದೇಶದ ಎಲ್ಲ ಫೋನುಗಳಿಗೂ ಒಮ್ಮೆಲೇ ಎಚ್ಚರಿಕೆ ಕಳಿಸುವ ಸೆಲ್ ಬ್ರಾಡ್‌ಕಾಸ್ಟ್ ವ್ಯವಸ್ಥೆಯ ಪರೀಕ್ಷೆ. ಅಂಥದ್ದು ಬಂದಾಗ ಗಾಬರಿಯಲ್ಲಿ ಬೆರಳು ತಾಗಿ ಸಂದೇಶ ಮುಚ್ಚಿಹೋದರೆ, ಸೆಟ್ಟಿಂಗ್ಸ್‌ನಲ್ಲಿ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಎಂದು ಹುಡುಕಿ. ಹಳೆಯ ಎಚ್ಚರಿಕೆಗಳು ಅಲ್ಲಿ ಉಳಿದಿರುತ್ತವೆ.

ಅಂಗಳದ ಅಡಿಕೆಯ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. ನೋಡುವವರು ಇದಕ್ಕೆ ರಾಡಾರ್ ಚಿತ್ರ ತೆರೆಯುತ್ತಾರೆ. ನಮಗೆ ಆ ಚಿತ್ರ ಬೇಡ, ರಾಡಾರ್ ನೋಡಿ ತಜ್ಞರು ಬರೆದದ್ದು ಬೇಕು. ಇಲಾಖೆ ಅದನ್ನು ನೌಕಾಸ್ಟ್ ಎನ್ನುತ್ತದೆ. ಮುಂದಿನ ಮೂರು ಗಂಟೆಗಳಿಗೆ ಮಾತ್ರ, ಜಿಲ್ಲೆಯ ಹೆಸರು ಹೇಳಿ ಹೊರಡಿಸುವ ಸೂಚನೆ. ಇದಕ್ಕಿಂತ ಹತ್ತಿರದ ದಾರಿ ಎಂದರೆ ದೂರವಾಣಿ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ, ಒಟ್ಟು ಆರು ಸಾವಿರಕ್ಕೂ ಹೆಚ್ಚು. ಅವು ತಾವೇ ಅಳೆದು ತಾವೇ ಕಳಿಸುತ್ತವೆ. ಆ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆ ಮಾಡಿದರೆ ಮನುಷ್ಯರೇ ಕನ್ನಡದಲ್ಲಿ ಮಾತಾಡುತ್ತಾರೆ. ಹೋಬಳಿ, ತಾಲ್ಲೂಕು ಹೇಳಿ ಕೇಳಬೇಕು. ಕೇಂದ್ರದ ತಾಣದಿಂದ ಆ ಸಂಖ್ಯೆ ತೆಗೆದು ವರುಣಮಿತ್ರ ಎಂದೇ ಹೆಸರಿಟ್ಟು ಉಳಿಸಿಕೊಳ್ಳಿ, ಬಾಯಿಮಾತಿನಲ್ಲೇ ಕರೆ ಹಚ್ಚಬಹುದು. "ನನಗೆ ಕಣ್ಣು ಕಾಣುವುದಿಲ್ಲ, ಮೋಡ ಎತ್ತ ಸಾಗುತ್ತಿದೆ ಎಂದು ಹೇಳಿ" ಎಂದು ಕೇಳಲು ಸಂಕೋಚ ಬೇಡ. ಅವರಿರುವುದು ಅದಕ್ಕೇ.

ಸಿಡಿಲಿನ ವಿಷಯದಲ್ಲಿ ಕಣ್ಣು ಕಾಣುವವರು ಬಳಸುವ ಉಪಾಯವೊಂದಿದೆ. ಮಿಂಚು ಕಂಡ ಕ್ಷಣದಿಂದ ಗುಡುಗು ಕೇಳುವವರೆಗೆ ಎಣಿಸುತ್ತಾರೆ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮಿಂಚೇ ಕಾಣದ ನಾವು ಎಲ್ಲಿಂದ ಎಣಿಸುವುದು? ಹಳೆಯ ಮೀಡಿಯಂ ವೇವ್ ರೇಡಿಯೊ ಇದ್ದರೆ ಬ್ಯಾಟರಿ ಹಾಕಿ, ಯಾವ ಕೇಂದ್ರವೂ ಸಿಗದ ಕಡೆ ಮುಳ್ಳು ನಿಲ್ಲಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಮಿಂಚು ಹೊಡೆದ ಕ್ಷಣದಲ್ಲೇ ಅದು "ಚರ್" ಎನ್ನುತ್ತದೆ. ಅಲ್ಲಿಂದ ಎಣಿಸಿ. ಎಫ್ಎಂನಲ್ಲಿ ಈ ಸದ್ದು ಹೀಗೆ ಬರುವುದಿಲ್ಲ, ಮೀಡಿಯಂ ವೇವ್ ಬೇಕು. ಹುಡುಗಿಯಾಗಿದ್ದಾಗ ಅಜ್ಜನ ಮನೆಯ ಜಗುಲಿಯಲ್ಲಿ ಕೂತು ನಾನು ಹೀಗೆ ಎಣಿಸುತ್ತಿದ್ದೆ. ಚರ್, ಒಂದು, ಎರಡು, ಮೂರು. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಆಗ ಅಡಿಕೆ ನೆನೆದರೆ ನೆನೆಯಲಿ, ನೀವು ಒಳಗಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೂ ಹೊರಗೆ ಬರಬೇಡಿ. ಎಣಿಕೆ ತಪ್ಪಿದರೂ ಚಿಂತೆಯಿಲ್ಲ. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ ಎಂದೇ ತಿಳಿಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ನಿಮ್ಮಿಂದ 20 ಮತ್ತು 40 ಕಿಲೋಮೀಟರ್ ದೂರದೊಳಗಿನ ಸಿಡಿಲಿಗೆ ಎಚ್ಚರಿಕೆ ಕೊಡುತ್ತದೆ, ಅದೂ ಜೊತೆಗಿರಲಿ.

ವಾಟ್ಸ್ಆ್ಯಪಿನ ಫೋಟೋ ಬಗ್ಗೆ. ಬಿ ಮೈ ಐಸ್, ಸೀಯಿಂಗ್ ಎಐ ಥರದ ಚಿತ್ರ ವಿವರಿಸುವ ಆ್ಯಪ್‌ಗಳು ಈಗ ಬಹಳ ಮುಂದುವರಿದಿವೆ. ಫೋಟೋದಲ್ಲಿ ಅಕ್ಷರ ಇದ್ದರೆ ಓದಿಸಿಕೊಳ್ಳಿ, ಧಾರಾಳವಾಗಿ. ಆದರೆ ನಕ್ಷೆಯ ಬಣ್ಣ ಕೇಳಬೇಡಿ. ಒಂದು ಜುಲೈ ತಿಂಗಳಲ್ಲಿ ನಾನು ಅಂಥದ್ದೊಂದು ಆ್ಯಪಿಗೆ ಎಚ್ಚರಿಕೆ ನಕ್ಷೆ ತೋರಿಸಿ ಉತ್ತರ ಕನ್ನಡದ ಬಣ್ಣ ಕೇಳಿದೆ. ಹಳದಿ ಎಂದಿತು, ಯಾವ ಅನುಮಾನವೂ ಇಲ್ಲದ ದನಿಯಲ್ಲಿ. ಬುಲೆಟಿನ್ ತೆರೆದರೆ ಆರೆಂಜ್ ಎಂದು ಬರೆದಿತ್ತು. ಪಕ್ಕದ ಜಿಲ್ಲೆಯ ಬಣ್ಣವನ್ನು ಅದು ಉತ್ತರ ಕನ್ನಡದ್ದೆಂದು ಹೇಳಿತ್ತು. ನಕ್ಷೆಯಲ್ಲಿ ಗಡಿಗೆರೆ ಸಣ್ಣದಿರುತ್ತದೆ, ಹೆಸರು ಬರೆದಿರುವುದಿಲ್ಲ, ಯಂತ್ರ ಊಹಿಸುತ್ತದೆ. ಹೊಳೆ ದಾಟುವ ನಿರ್ಧಾರವನ್ನು ಅಂಥ ಊಹೆಯ ಮೇಲೆ ಮಾಡಬಾರದು.

ಬರೀ ಬಣ್ಣದಿಂದ ಮಾಹಿತಿ ಹೇಳಬಾರದು, ಚಿತ್ರಕ್ಕೆ ಪಠ್ಯ ವಿವರಣೆ ಇರಬೇಕು ಎಂಬ ನಿಯಮ ಜಾಲತಾಣಗಳ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 42ನೇ ಕಲಂ ಮಾಹಿತಿಯನ್ನು ನಮಗೆ ನಿಲುಕುವ ರೂಪದಲ್ಲಿ ಒದಗಿಸಬೇಕೆನ್ನುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪು ಕೊಟ್ಟಿದೆ. ಯಾವುದಾದರೂ ಆ್ಯಪ್ ಓದದಿದ್ದರೆ ಅದನ್ನು ಮಾಡಿದವರಿಗೆ ಬರೆಯಿರಿ. "ನಿಮ್ಮ ಆ್ಯಪ್ ಸರಿಯಿಲ್ಲ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. "ಮೊದಲ ಪರದೆಯ ಮೇಲ್ಭಾಗದ ಮೂರನೆಯ ಬಟನ್ ಮೇಲೆ ಬೆರಳಿಟ್ಟರೆ ಟಾಕ್‌ಬ್ಯಾಕ್ ಬರೀ ಬಟನ್ ಎನ್ನುತ್ತದೆ, ಅದಕ್ಕೆ ಹೆಸರು ಕೊಡಿ" ಎಂದು ಬರೆದರೆ ಅದೊಂದು ಗಂಟೆಯ ಕೆಲಸ. ನನ್ನ ವಿದ್ಯಾರ್ಥಿಗಳು ಹೀಗೆ ಬರೆದು ಸರಿಪಡಿಸಿಕೊಂಡದ್ದು ಹಲವಿದೆ.

ಅದಕ್ಕೂ ಮೊದಲು ಊರಿನ ಗುಂಪಿಗೆ ದಿನಾ ನಕ್ಷೆ ಹಾಕುವವರಿಗೆ ಫೋನ್ ಮಾಡಿ. ಅವರಿಗೆ ನಿಮ್ಮ ತೊಂದರೆ ಗೊತ್ತಿರಲಿಕ್ಕಿಲ್ಲ. ಫೋಟೋ ಹಾಕಲಿ, ಬೇಡವೆನ್ನಬೇಡಿ. ಜೊತೆಗೆ ಎರಡು ಸಾಲು ಟೈಪ್ ಮಾಡಲಿ, ಮಾತಾಡಿ ಟೈಪ್ ಮಾಡಿಸಿದರೂ ಆದೀತು: "ಉತ್ತರ ಕನ್ನಡ, ಆರೆಂಜ್. ನಾಳೆ ಬೆಳಿಗ್ಗೆ 8.30ರವರೆಗೆ ಒಂದೆರಡು ಕಡೆ ಅತಿ ಭಾರಿ ಮಳೆ. ಗಾಳಿ ಜೋರು." ಗುಂಪಿನಲ್ಲಿ ಕನ್ನಡಕ ಮರೆತು ಬಂದ ಅಜ್ಜಂದಿರೂ ಇರುತ್ತಾರೆ, ನೆಟ್‌ವರ್ಕ್ ಸಾಲದೆ ಫೋಟೋ ಇಳಿಯದವರೂ ಇರುತ್ತಾರೆ. ಅವರೆಲ್ಲರಿಗೂ ಆ ಎರಡು ಸಾಲೇ ಮೊದಲು ತಲುಪುತ್ತದೆ.